ಬೀಡಿಯ ಅಭ್ಯಾಸವೂ ಬಾಯಿಯ ಸೌಖ್ಯವೂ



ಉಡುಪಿ, ಕಾಪು, ಕಾರ್ಕಳ ಸೀಮೆಗಳ ಯಾವದಾದರೊಂದು ಹಳ್ಳಿಯಲ್ಲಿ ಸಂಜೆಯ ಹೊತ್ತು ಒಂದು ಮನೆಯ ಜಗಲಿಯನ್ನು ನೋಡಿರಿ. ತಾಯಿಯು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ನಾಳೆ ಕಟ್ಟುಗಳನ್ನು ಎಣಿಸಿ ಒಪ್ಪಿಸಿದರೆ ಅಂಗಡಿಯ ಸಾಲವು ತೀರುವದು. ತಂದೆಯು ಕೆಲಸದಿಂದ ಬಂದು, ಕೈಕಾಲು ತೊಳೆದು, ಮೂಲೆಯಲ್ಲಿ ಕೂತು ಒಂದು ಬೀಡಿಯನ್ನು ಹಚ್ಚುತ್ತಾನೆ. ಅಜ್ಜಿಯು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದು, ಎಲೆಗೆ ಸುಣ್ಣ ಹಚ್ಚಿ, ಒಂದು ತುಂಡು ಹೊಗೆಸೊಪ್ಪನ್ನಿಟ್ಟು ಮಡಚಿ ಬಾಯಿಗೆ ಹಾಕುತ್ತಾಳೆ. ಮಕ್ಕಳು ಇವರ ನಡುವೆ ಕೂತು ಪಾಠ ಓದುತ್ತಾರೆ.

ಒಂದೇ ಹೊಗೆಸೊಪ್ಪು ಆ ಮನೆಯಲ್ಲಿ ಒಬ್ಬಳಿಗೆ ಕೂಲಿಯೂ, ಒಬ್ಬನಿಗೆ ಆಯಾಸ ಪರಿಹಾರವೂ, ಒಬ್ಬಳಿಗೆ ಹಳೇ ಸಂಗಾತಿಯೂ ಆಗಿದೆ. ಆದಕಾರಣ ಅದರ ವಿಷಯವಾಗಿ ಮಾತಾಡುವದು ಸುಲಭವಲ್ಲ. ಆದಾಗ್ಯೂ ಮಾತಾಡದೆ ಸುಮ್ಮನಿದ್ದರೆ ನಷ್ಟವು ಆ ಜಗಲಿಯವರಿಗೇ ಹೊರತು ಬೇರೆ ಯಾರಿಗೂ ಅಲ್ಲ. ಈ ಪಾಠದಲ್ಲಿ ನಾವು ಮುಖ್ಯವಾಗಿ ಒಂದು ಸಂಗತಿಯನ್ನು ಕಲಿಯೋಣ. ಅದೇನಂದರೆ, ಹೊಗೆಸೊಪ್ಪಿನ ಕೇಡು ನಮ್ಮ ಕಣ್ಣಿಗೆ ಮೊದಲು ಕಾಣುವದು ಬಾಯಲ್ಲಿ. ಬಿಟ್ಟವನಿಗೆ ಗುಣವು ಬೇಗ ತೋರುವದೂ ಬಾಯಲ್ಲಿಯೇ. ಎದೆಯೊಳಗಿನ ಶ್ವಾಸಕೋಶವನ್ನು ನಾವು ನೋಡಲಾರೆವು. ಬಾಯನ್ನಾದರೋ ಒಂದು ಕನ್ನಡಿಯಿದ್ದರೆ ಯಾರೂ ನೋಡಬಹುದು.

1. ಈ ಸೊಪ್ಪು ಎಲ್ಲಿಂದ ಬಂತು?

"ಇದು ನಮ್ಮ ಹಿರಿಯರ ಕಾಲದಿಂದ ಬಂದ ಅಭ್ಯಾಸ" ಎಂದು ಅನೇಕರು ಹೇಳುವರು. ಆದರೆ ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲ. ಅದರ ಹುಟ್ಟೂರು ಅಮೇರಿಕ ಖಂಡ. ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಪಶ್ಚಿಮ ಕರಾವಳಿಗೂ ಘಟ್ಟದ ಮೇಲಿನ ಸೀಮೆಗಳಿಗೂ ಬಂತು. 17ನೇ ಶತಮಾನದ ಆರಂಭದಲ್ಲಿ ಅಕ್ಬರ ಬಾದಶಹನ ದೂತನಾದ ಅಸದ್ ಬೇಗನು ನಮ್ಮ ಬಿಜಾಪುರದಿಂದಲೇ ಹೊಗೆಸೊಪ್ಪನ್ನು ಬಾದಶಹನ ಆಸ್ಥಾನಕ್ಕೆ ಒಯ್ದನು. ಅಕ್ಬರನ ಮಗನಾದ ಜಹಾಂಗೀರನು 1617ರಲ್ಲಿ ಅದನ್ನು ಯಾರೂ ಸೇದಬಾರದೆಂದು ಆಜ್ಞೆ ಹೊರಡಿಸಿದನು. ಅಭ್ಯಾಸವು ನಿಲ್ಲಲಿಲ್ಲ. ಇದರಿಂದ ನಮಗೆ ತಿಳಿಯುವದೇನಂದರೆ, ಬರೇ ಅಪ್ಪಣೆಯಿಂದ ಯಾರೂ ಹೊಗೆಯನ್ನು ಬಿಡುವದಿಲ್ಲ. ಕಾರಣವನ್ನೂ ಉಪಾಯವನ್ನೂ ಕಲಿತವನು ಬಿಡುವನು.

"ಎಲ್ಲರೂ ಸೇದುತ್ತಾರೆ" ಎಂಬ ಮಾತು ಸಹ ಸರಿಯಲ್ಲ. 2016-17ರಲ್ಲಿ ನಮ್ಮ ದೇಶದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ, 15 ವರುಷಕ್ಕೆ ಮೇಲ್ಪಟ್ಟ ನೂರು ಜನರಲ್ಲಿ 28.6 ಮಂದಿ ಯಾವದಾದರೊಂದು ವಿಧದಲ್ಲಿ ಹೊಗೆಸೊಪ್ಪನ್ನು ಉಪಯೋಗಿಸುತ್ತಿದ್ದರು. ಅಂದರೆ ನೂರಕ್ಕೆ 71 ಮಂದಿ ಅದನ್ನು ಮುಟ್ಟುತ್ತಿರಲಿಲ್ಲ. ಸೇದುವವರು 10.7 ಮಂದಿ, ಜಗಿಯುವದೇ ಮೊದಲಾದ ಹೊಗೆಯಿಲ್ಲದ ವಿಧದವರು 21.4 ಮಂದಿ. ಬೀಡಿ ಸೇದುವವರು 7.7 ಆದರೆ, ಸಿಗರೇಟು ಸೇದುವವರು 4 ಮಾತ್ರ. ಹೀಗಿರುವದರಿಂದ ನಮ್ಮ ದೇಶದಲ್ಲಿ ಹೊಗೆಸೊಪ್ಪಿನ ಮಾತೆಂದರೆ ಹೆಚ್ಚಾಗಿ ಬೀಡಿಯ ಮತ್ತು ಎಲೆಯಡಿಕೆಯ ಮಾತೇ ಆಗಿದೆ.

2. ಬೀಡಿಯು ಸಿಗರೇಟಿಗಿಂತ ಸಾಧುವೋ?

"ಸಿಗರೇಟು ಕೆಟ್ಟದ್ದು, ಬೀಡಿಯಲ್ಲಿ ಕಾಗದವಿಲ್ಲ, ಹೊಗೆಸೊಪ್ಪೂ ಸ್ವಲ್ಪ, ಮೇಲಿರುವದು ಕಾಡಿನ ಎಲೆಯಷ್ಟೆ" ಎಂದು ಹೇಳುವವರನ್ನು ನಾವು ಬಹಳವಾಗಿ ಕಂಡಿದ್ದೇವೆ. ಬೀಡಿಯೊಳಗೆ ಹೊಗೆಸೊಪ್ಪು ಸಿಗರೇಟಿಗಿಂತ ಕಡಿಮೆ ಎಂಬದು ನಿಜ. ಆದರೆ ಬೀಡಿಯ ಎಲೆಯಲ್ಲಿ ಗಾಳಿಯಾಡುವದಿಲ್ಲ. ಅದು ಕೂಡಲೆ ಆರಿಹೋಗುವದರಿಂದ ಸೇದುವವನು ಅದನ್ನು ಉರಿಸುತ್ತಿರುವದಕ್ಕೋಸ್ಕರ ಪದೇಪದೇ ಬಲವಾಗಿ ಎಳೆಯಬೇಕಾಗುತ್ತದೆ. ಆ ಎಳೆತದಿಂದ ಹೊಗೆಯು ಎದೆಯ ಆಳಕ್ಕೆ ಇಳಿಯುವದು. ವೈದ್ಯಶಾಸ್ತ್ರಿಗಳು ಬೀಡಿಯ ಹೊಗೆಯನ್ನು ಪರೀಕ್ಷಿಸಿದಾಗ, ಅದರಲ್ಲಿ ನಿಕೋಟಿನ್ ಎಂಬ ಅಮಲಿನ ಪದಾರ್ಥವೂ, ಡಾಂಬರಿನಂಥ ಜಿಗುಟೂ, ಇಂಗಾಲದ ವಿಷವಾಯುವೂ ಸಾಮಾನ್ಯ ಸಿಗರೇಟಿನ ಹೊಗೆಗಿಂತ ಹೆಚ್ಚಾಗಿರುವದನ್ನು ಕಂಡರು. ಹೊಗೆಸೊಪ್ಪಿನ ಹೊಗೆಯಲ್ಲಿ 7,000ಕ್ಕೂ ಮಿಕ್ಕಿದ ರಾಸಾಯನಿಕ ಪದಾರ್ಥಗಳುಂಟು. ಅವುಗಳಲ್ಲಿ ಸುಮಾರು 70 ಅರ್ಬುದ ರೋಗವನ್ನು, ಅಂದರೆ ಕ್ಯಾನ್ಸರನ್ನು, ಹುಟ್ಟಿಸತಕ್ಕವುಗಳು. ಬೆಲೆಯಲ್ಲಿ ಬೀಡಿಯು ಅಗ್ಗ. ಕೇಡಿನಲ್ಲಿ ಅಗ್ಗವಲ್ಲ.

3. ಬಾಯಲ್ಲಿ ನಡೆಯುವದೇನು?

ಮೊದಲನೆಯ ಗುರುತುಗಳನ್ನು ಎಲ್ಲರೂ ಬಲ್ಲರು. ಹಲ್ಲುಗಳು ಕಂದುಬಣ್ಣವಾಗುವವು. ಉಸಿರು ನಾರುವದು. ನಾಲಿಗೆಯ ರುಚಿಯು ಕುಗ್ಗಿ, ಸಾರಿಗೆ ಉಪ್ಪು ಸಾಲದೆಂದು ಹೆಂಡತಿಯ ಮೇಲೆ ತಪ್ಪು ಹೊರಿಸುವದುಂಟು. ಉಮಿಕರಿಯನ್ನೋ ಮರಳಿನಂಥ ಒರಟು ಹುಡಿಯನ್ನೋ ಹಾಕಿ ಉಜ್ಜಿದರೆ ಕರೆಯು ಸ್ವಲ್ಪ ಹೋದರೂ ಹಲ್ಲಿನ ಮೇಲ್ಮೈಯು ಸವೆದುಹೋಗುವದು.

ಎರಡನೆಯದು ಒಸಡಿನ ಸಂಗತಿ. ಇದನ್ನು ಬಹಳ ಜನರು ಅರಿಯರು. ಹಲ್ಲಿನ ಬುಡದಲ್ಲಿ ಕೊಳೆ ಕೂತು ಒಸಡಿಗೆ ರೋಗ ಹತ್ತಿದರೆ, ಸಾಧಾರಣವಾಗಿ ಒಸಡು ಕೆಂಪಾಗಿ ಬಾತು, ಉಜ್ಜುವಾಗ ರಕ್ತ ಬರುವದು. ರಕ್ತವನ್ನು ಕಂಡವನು ಎಚ್ಚತ್ತು ವೈದ್ಯರ ಬಳಿಗೆ ಹೋಗುವನು. ಸೇದುವವನ ಒಸಡಿನಲ್ಲಾದರೋ ನಿಕೋಟಿನಿನ ಬಲದಿಂದ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಒಳಗೆ ರೋಗವು ದವಡೆಯ ಎಲುಬನ್ನು ತಿನ್ನುತ್ತಾ ಇದ್ದರೂ ಹೊರಗೆ ರಕ್ತ ಕಾಣದು. "ನನ್ನ ಒಸಡಿನಿಂದ ಎಂದೂ ರಕ್ತ ಬಂದದ್ದಿಲ್ಲ, ಬಾಯಿ ಗಟ್ಟಿಯಾಗಿದೆ" ಎಂದು ಅವನು ಹೇಳುತ್ತಿರುವಾಗಲೇ ಒಂದು ದಿನ ಹಲ್ಲು ಅಲ್ಲಾಡುವದು. ಕಳ್ಳನು ಬಂದರೂ ಬೊಗಳದ ನಾಯಿಯಂತೆ ಆ ಒಸಡು ಇರುವದು. ಇದಕ್ಕೆ ವಿರುದ್ಧವಾಗಿ, ಬೀಡಿ ಬಿಟ್ಟ ಮೊದಲನೆಯ ವಾರಗಳಲ್ಲಿ ಕೆಲವರ ಒಸಡಿನಿಂದ ರಕ್ತ ಬರುವದುಂಟು. ಆಗ ಭಯಪಟ್ಟು ತಿರಿಗಿ ಬೀಡಿಯನ್ನು ಹಿಡಿಯಬೇಡಿರಿ. ರಕ್ತದ ಓಟವು ಮರಳಿ ಬಂತೆಂಬದಕ್ಕೂ, ಮುಚ್ಚಿದ್ದ ರೋಗವು ಬೈಲಾಯಿತೆಂಬದಕ್ಕೂ ಅದು ಗುರುತು. ದಂತವೈದ್ಯರಿಗೆ ತೋರಿಸಿ ಹಲ್ಲುಗಳನ್ನು ಶುದ್ಧಮಾಡಿಸಿದರೆ ಒಸಡು ಗುಣವಾಗುವದು.

ಹಲ್ಲು ಕೀಳಿಸಿಕೊಂಡವನು ಅದೇ ದಿನ ಬೀಡಿ ಸೇದಿದರೆ, ಗಾಯದ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿ, ಎಲುಬು ಬೈಲಾಗಿ, ಹಲ್ಲುನೋವಿಗಿಂತ ಕಠಿಣವಾದ ನೋವು ಬರಬಹುದು. ಹಲ್ಲು ಕೀಳಿಸಿದ ಬಳಿಕ ವೈದ್ಯರು "ಸೇದಬೇಡಿರಿ" ಎಂದು ಹೇಳುವದು ಇದಕ್ಕೋಸ್ಕರವೇ.

ಮೂರನೆಯದಾಗಿ, ಕೆನ್ನೆಯ ಒಳಮೈ, ನಾಲಿಗೆಯ ಅಂಚು, ತುಟಿ, ನಾಲಿಗೆಯ ಅಡಿ, ಈ ಸ್ಥಳಗಳಲ್ಲಿ ಬಿಳೀ ಮಚ್ಚೆ ಕಾಣಿಸಬಹುದು. ಅದು ಒರಸಿದರೆ ಹೋಗುವದಿಲ್ಲ. ನೋವೂ ಇರುವದಿಲ್ಲ. ನೋವಿಲ್ಲದ್ದರಿಂದಲೇ ಜನರು ಅದನ್ನು ಅಲಕ್ಷ್ಯ ಮಾಡುವರು. ಎಲ್ಲಾ ಬಿಳೀ ಮಚ್ಚೆಗಳು ಅರ್ಬುದವಾಗುವದಿಲ್ಲ, ಕೆಲವು ಆಗುವವು. ಕೆಂಪು ಮಚ್ಚೆಯು ಇನ್ನೂ ಹೆಚ್ಚು ಅಪಾಯಕರ.

ಕಾಪುವಿನ ಕಡಲ ಕರೆಯಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಲ್ಪಟ್ಟ ದೀಪಸ್ತಂಭವನ್ನು ನಮ್ಮ ಕರಾವಳಿಯವರೆಲ್ಲರೂ ನೋಡಿದ್ದಾರೆ. ರಾತ್ರಿ ಕಾಲದಲ್ಲಿ ಅದರ ಬೆಳಕನ್ನು ಕಂಡ ತಂಡೇಲನು ದೋಣಿಯನ್ನು ತಿರುಗಿಸುವನು. "ದೋಣಿಗೆ ಇನ್ನೂ ಏನೂ ತಾಗಲಿಲ್ಲವಲ್ಲಾ" ಎಂದು ಬಂಡೆಯ ಕಡೆಗೇ ಹೋಗುವ ತಂಡೇಲನು ಉಂಟೋ? ಬಾಯಿಯ ಮಚ್ಚೆಯೂ ಹಾಗೆಯೇ. ಅದು ಕಂಡಾಗ ತಿರುಗುವದಕ್ಕೆ ಇನ್ನೂ ಸ್ಥಳವುಂಟು.

ಆದಕಾರಣ ತಿಂಗಳಿಗೊಂದಾವರ್ತಿ ಹೀಗೆ ಮಾಡಿರಿ. ಬಾಯಿ ಮುಕ್ಕಳಿಸಿ, ಕಟ್ಟಿದ ಹಲ್ಲಿದ್ದರೆ ತೆಗೆದು, ಕನ್ನಡಿ ಹಿಡಿದು ಬೆಳಕಿಗೆ ನಿಲ್ಲಿರಿ. ತುಟಿಗಳನ್ನು ಮಡಚಿ ನೋಡಿರಿ. ಕೆನ್ನೆಗಳನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿರಿ. ನಾಲಿಗೆಯನ್ನು ಚಾಚಿ ಎರಡೂ ಅಂಚುಗಳನ್ನು ನೋಡಿರಿ. ಮೇಲಕ್ಕೆತ್ತಿ ಅಡಿಯನ್ನು ನೋಡಿರಿ. ಕುತ್ತಿಗೆಯ ಎರಡು ಪಕ್ಕಗಳಲ್ಲಿ ಗಂಟು ಉಂಟೋ ಎಂದು ಮುಟ್ಟಿ ನೋಡಿರಿ. ಬಿಳೀ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ನುಂಗುವದಕ್ಕೆ ಕಷ್ಟ, ಕುತ್ತಿಗೆಯ ಗಂಟು, ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಹಚ್ಚುತ್ತಾ ತಿಂಗಳು ಕಳೆಯಬೇಡಿರಿ. ಬಾಯಿಯ ಅರ್ಬುದವು ಸಣ್ಣದಾಗಿರುವಾಗ ಸಿಕ್ಕಿದರೆ ಗುಣಪಡಿಸುವದಕ್ಕೆ ಸಾಧ್ಯವುಂಟು. ತಡವಾದರೆ ದವಡೆಯ ಭಾಗವನ್ನೋ ನಾಲಿಗೆಯ ಭಾಗವನ್ನೋ ಕೊಯ್ದು ತೆಗೆಯಬೇಕಾಗಬಹುದು.

4. ಬಾಯಿಯಿಂದ ಶರೀರಕ್ಕೆ

ಬಾಯಿಯು ಬಾಗಿಲು, ಹೊಗೆಯು ಅಲ್ಲಿಯೇ ನಿಲ್ಲುವದಿಲ್ಲ. ಎಳೆದ ಹೊಗೆಯ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮೆದುಳಿಗೆ ಮುಟ್ಟುವದು. ಇಂಗಾಲದ ವಿಷವಾಯುವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಹಿಡಿಯುವದು. ಆದಕಾರಣ ಗುಡ್ಡ ಹತ್ತುವಾಗ ಏದುಸಿರು ಬರುವದು. ಹೃದಯವು ಹೆಚ್ಚು ದುಡಿಯಬೇಕಾಗುವದು. ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಅರ್ಬುದ, ತೀರದ ಕೆಮ್ಮುದಮ್ಮು, ಕಾಲಿನ ರಕ್ತನಾಳ ಕಟ್ಟಿ ಬೆರಳು ಕೊಳೆಯುವದು, ಇವೆಲ್ಲವೂ ಹೊಗೆಯ ಮಕ್ಕಳು. ಸೇದುವವನಿಗೆ ಕ್ಷಯರೋಗವು ತಗಲುವದಕ್ಕೂ ಅದರಿಂದ ಸಾಯುವದಕ್ಕೂ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯೂ ಸೇದುವವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯು ಒಸಡಿನ ರೋಗವನ್ನು ಕೆರಳಿಸುವದು. ಒಸಡಿನ ರೋಗವು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುವದು.

ಒಬ್ಬನು ಸೇದಿದ ಹೊಗೆಯನ್ನು ಮನೆಯವರೆಲ್ಲರೂ ಕುಡಿಯುವರು. ಅದರಿಂದ ಮಕ್ಕಳಿಗೆ ದಮ್ಮು, ಎದೆಯ ಸೋಂಕು, ಕಿವಿಯ ರೋಗಗಳು ಹೆಚ್ಚುವವು. ಗರ್ಭಿಣಿಯು ಆ ಹೊಗೆಯಲ್ಲಿದ್ದರೆ ಕೂಸು ತೂಕ ಕಡಿಮೆಯಾಗಿ ಹುಟ್ಟಬಹುದು. ಲೋಕದಲ್ಲಿ ಪ್ರತಿವರುಷ 70 ಲಕ್ಷಕ್ಕೂ ಹೆಚ್ಚು ಜನರು ಹೊಗೆಸೊಪ್ಪಿನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಕೊಟ್ಟಿದೆ. ಅವರಲ್ಲಿ ತಾವು ಎಂದೂ ಸೇದದೆ ಬೇರೆಯವರ ಹೊಗೆಯಿಂದ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು.

5. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಡಿರಿ

ಬೀಡಿ ಬಿಟ್ಟೆನೆಂದು ಸಂತೋಷಪಡುವ ಕೆಲವರು ಅದರ ಬದಲಿಗೆ ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವದಕ್ಕೆ ತೊಡಗುವರು. ಇದು ಮುಂದಿನ ಬಾಗಿಲಿನಿಂದ ಹೊರಡಿಸಿದ ಕಳ್ಳನನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದಂತೆ. ಜಗಿದ ಹೊಗೆಸೊಪ್ಪಿನ ರಸವು ಕೆನ್ನೆಯ ಒಂದೇ ಸ್ಥಳದಲ್ಲಿ ತಾಸುಗಟ್ಟಲೆ ನಿಂತಿರುವದರಿಂದ ಬಾಯಿಯ ಅರ್ಬುದವು ಅಲ್ಲಿಯೇ ಹುಟ್ಟುವದುಂಟು.

ಇಲ್ಲಿ ನಾವು ಕಹಿಯಾದ ಒಂದು ಮಾತನ್ನೂ ಮರೆಮಾಡದೆ ಹೇಳಬೇಕು. ಕಾರ್ಕಳದ ಕಡೆಯ ತೋಟಗಳಲ್ಲಿ ಅಡಿಕೆಯೇ ಅನೇಕ ಮನೆಗಳ ಆಧಾರ. ಮದುವೆಯಲ್ಲಿಯೂ ಮರ್ಯಾದೆಯಲ್ಲಿಯೂ ಎಲೆಯಡಿಕೆ ಮುಂದಿರುವದು. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ತೀರ್ಮಾನದ ಪ್ರಕಾರ, ಹೊಗೆಸೊಪ್ಪು ಸೇರದ ಎಲೆಯಡಿಕೆಯೂ, ಅಡಿಕೆಯು ತಾನೇ ಸಹ, ಮನುಷ್ಯರಲ್ಲಿ ಅರ್ಬುದಕ್ಕೆ ಕಾರಣವಾಗತಕ್ಕದ್ದು. ಬಹುಕಾಲ ಅಡಿಕೆ ಜಗಿಯುವವರ ಕೆನ್ನೆಯ ಒಳಮೈ ಬಿರುಸಾಗಿ ನಾರುಗಟ್ಟಿ, ಖಾರ ತಾಗಿದರೆ ಉರಿದು, ಬಾಯಿಯು ವರುಷದಿಂದ ವರುಷಕ್ಕೆ ಕಡಿಮೆ ತೆರೆಯುವದು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿರಿ. ಮೂರು ಹಿಡಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಈ ರೋಗದಿಂದಲೂ ಅರ್ಬುದವು ಬರುವದುಂಟು.

ಕರ್ನಾಟಕ ಸರಕಾರವು 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಂದಿನಿಂದ ಅಡಿಕೆಯ ಪೊಟ್ಟಣವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಬೇರೆಬೇರೆ ಮಾರಿ, ಕೊಂಡವನು ಅಂಗೈಯಲ್ಲಿ ಕೂಡಿಸಿಕೊಳ್ಳುವದು ನಡೆಯಿತು. ಎರಡು ಪೊಟ್ಟಣವಾದ ಮಾತ್ರಕ್ಕೆ ವಿಷವು ಅರ್ಧವಾಗಲಿಲ್ಲ. ಮಣಿಪಾಲದಂಥ ಪಟ್ಟಣಗಳಿಗೆ ಓದುವದಕ್ಕೆ ಹೋದ ನಮ್ಮ ಯೌವನಸ್ಥರು ಸಹ ಎಚ್ಚರವಾಗಿರಲಿ: ವಿದ್ಯುತ್ತಿನ ಸಿಗರೇಟಿನ ಮಾರಾಟವು ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧವಾಗಿದೆ. ಅದರೊಳಗಿರುವದೂ ಸಾಧಾರಣವಾಗಿ ಅದೇ ನಿಕೋಟಿನ್.

6. ಬಿಡುವದು ಯಾಕೆ ಕಷ್ಟ?

ಒಬ್ಬನು ದಿನಕ್ಕೆ 20 ಬೀಡಿ ಸೇದುತ್ತಾನೆ ಎಂದಿಟ್ಟುಕೊಳ್ಳೋಣ. ಒಂದು ಬೀಡಿಗೆ ಹತ್ತು ಎಳೆತಗಳಾದರೂ ದಿನಕ್ಕೆ 200, ವರುಷಕ್ಕೆ 73,000. ಪ್ರತಿ ಎಳೆತಕ್ಕೂ ಮೆದುಳಿಗೆ ಒಂದು ಚೂರು ಸುಖವು ಸಿಗುವದು. ಹೀಗೆ ವರುಷಕ್ಕೆ 73,000 ಸಲ ಕೈಗೂ ಬಾಯಿಗೂ ಕಲಿಸಿದ ಪಾಠವು ಒಂದು ದಿನದಲ್ಲಿ ಮರೆಯುವದೋ? ಆದಕಾರಣ ಬಿಡಲಾರದವನನ್ನು ಹೇಡಿಯೆಂದು ಹಂಗಿಸುವದು ನ್ಯಾಯವಲ್ಲ. ಬೀಡಿ ಸಿಕ್ಕದಿದ್ದರೆ ಸಿಟ್ಟು, ತಲೆನೋವು, ನಿದ್ರೆ ಬಾರದಿರುವದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವದು, ಇವು ನಿಕೋಟಿನಿಗೆ ಒಗ್ಗಿದ ಶರೀರದ ಲಕ್ಷಣಗಳು. ಇವು ಮೊದಲನೆಯ ಕೆಲವು ದಿನಗಳಲ್ಲಿ ಬಲವಾಗಿದ್ದು, ಎರಡು ನಾಲ್ಕು ವಾರಗಳಲ್ಲಿ ಇಳಿದುಹೋಗುವವು. ಒಂದೊಂದು ಸಲ ಬರುವ ಆಶೆಯ ಅಲೆಯಾದರೋ ಕೆಲವೇ ನಿಮಿಷ ಇರುವದು. ಸೇದಿದರೂ ಸೇದದಿದ್ದರೂ ಅದು ಇಳಿಯುವದು. ಇದನ್ನು ಬಲ್ಲವನಿಗೆ ಅರ್ಧ ಜಯ.

7. ಬಿಡುವ ಕ್ರಮ

ಒಂದನೆಯದು. ದಿನವನ್ನು ಗೊತ್ತುಮಾಡಿರಿ. "ಮುಂದೆ ನೋಡೋಣ" ಎಂಬ ದಿನವು ಪಂಚಾಂಗದಲ್ಲಿ ಇಲ್ಲ. ಎರಡು ವಾರಗಳೊಳಗಿನ ಒಂದು ದಿನವನ್ನು ಆರಿಸಿ, ಮನೆಯವರಿಗೂ ಕೆಲಸದ ಜತೆಗಾರರಿಗೂ ತಿಳಿಸಿರಿ.

ಎರಡನೆಯದು. ಆ ದಿನದ ಹಿಂದಿನ ರಾತ್ರಿ ಬೀಡಿ, ಬೆಂಕಿಪೆಟ್ಟಿಗೆ, ಹೊಗೆಸೊಪ್ಪಿನ ಚೀಲ, ಎಲ್ಲವನ್ನೂ ಕಿಸೆಯಿಂದ ತೆಗೆದುಹಾಕಿರಿ. ಅಂಗಿಯನ್ನೂ ಹೊದಿಕೆಯನ್ನೂ ಒಗೆಯಿರಿ. ಹಳೇ ವಾಸನೆಯೂ ಆಶೆಯನ್ನು ಎಬ್ಬಿಸುವದು.

ಮೂರನೆಯದು. ನಿಮ್ಮ ಬೀಡಿಯ ಹೊತ್ತುಗಳನ್ನು ಕಂಡುಕೊಳ್ಳಿರಿ. ಚಹಾ ಕುಡಿದ ಮೇಲೋ, ಊಟದ ಮೇಲೋ, ಬಲೆ ಎಳೆದು ದಡಕ್ಕೆ ಬಂದಾಗಲೋ, ಬಸ್ಸಿಗೆ ಕಾಯುವಾಗಲೋ? ಆ ಹೊತ್ತಿನಲ್ಲಿ ಬೇರೊಂದು ಕೆಲಸವನ್ನು ಮೊದಲೇ ನೇಮಿಸಿರಿ. ಊಟವಾದ ಕೂಡಲೆ ಎದ್ದು ಹಲ್ಲುಜ್ಜುವದು ಬಹಳ ಒಳ್ಳೇ ಉಪಾಯ. ಶುದ್ಧವಾದ ಬಾಯಿಗೆ ಬೀಡಿಯು ರುಚಿಸದು.

ನಾಲ್ಕನೆಯದು. ಆಶೆಯ ಅಲೆ ಬಂದಾಗ ತಡಮಾಡಿರಿ. ನೀರನ್ನೋ ಮಜ್ಜಿಗೆಯನ್ನೋ ಪುನರ್ಪುಳಿಯ ಪಾನಕವನ್ನೋ ಗುಟುಕು ಗುಟುಕಾಗಿ ಕುಡಿಯಿರಿ. ನಿಧಾನವಾಗಿ ಹತ್ತು ಸಲ ದೀರ್ಘಶ್ವಾಸ ತೆಗೆಯಿರಿ. ಏಲಕ್ಕಿ, ಜೀರಿಗೆ, ಲವಂಗ, ಒಣಗಿಸಿದ ನೆಲ್ಲಿಕಾಯಿ, ಇವುಗಳಲ್ಲಿ ಒಂದನ್ನು ಬಾಯಲ್ಲಿಡಿರಿ. ಕೈಗೆ ಕೆಲಸ ಕೊಡಿರಿ. ಅಲೆಯು ದಾಟಿಹೋಗುವದು.

ಐದನೆಯದು. ಮದ್ದಿನ ಸಹಾಯವನ್ನು ನಾಚದೆ ಕೇಳಿರಿ. ಹೊಗೆಯಿಲ್ಲದೆ ಸ್ವಲ್ಪವಾಗಿ ನಿಕೋಟಿನನ್ನು ಕೊಡುವ ಚೂಯಿಂಗ್ ಗಮ್ಮನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಿಂದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಬಿಡದೆ ಜಗಿಯಬಾರದು. ಸ್ವಲ್ಪ ಜಗಿದು, ಬಾಯಲ್ಲಿ ಚುರುಕೆಂದಾಗ ಕೆನ್ನೆಗೂ ಒಸಡಿಗೂ ನಡುವೆ ಇಟ್ಟು, ತಡೆದು ತಿರಿಗಿ ಜಗಿಯಬೇಕು. ಜಗಿಯುವದಕ್ಕೆ ಮೊದಲು ಕಾಲು ತಾಸಿನೊಳಗೆ ಕಾಫಿಯನ್ನಾಗಲಿ ಹುಳಿಯ ಪಾನಕವನ್ನಾಗಲಿ ಕುಡಿಯಬಾರದು. ಗರ್ಭಿಣಿಯರೂ ಹೃದಯರೋಗವುಳ್ಳವರೂ ವೈದ್ಯರನ್ನು ಕೇಳದೆ ಉಪಯೋಗಿಸಬಾರದು.

ಆರನೆಯದು. ಸಹಾಯವು ದೂರವಿಲ್ಲ. 1800-11-2356 ಎಂಬದು 2016ರಲ್ಲಿ ಆರಂಭವಾದ ರಾಷ್ಟ್ರೀಯ ಹೊಗೆಸೊಪ್ಪು ಬಿಡಿಸುವ ದೂರವಾಣಿ. ಅದಕ್ಕೆ ಹಣ ತಗಲುವದಿಲ್ಲ. ದಂತವೈದ್ಯ ಕಾಲೇಜುಗಳಲ್ಲಿ ಹೊಗೆಸೊಪ್ಪು ಬಿಡಿಸುವ ಕೇಂದ್ರಗಳನ್ನು ಏರ್ಪಡಿಸುವದಕ್ಕೆ ಕೇಂದ್ರ ಸರಕಾರವು 2018ರಲ್ಲಿ ಮಾರ್ಗದರ್ಶನ ಕೊಟ್ಟಿತು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1965ರಲ್ಲಿ ದಂತವೈದ್ಯ ಕಾಲೇಜೂ ಸ್ಥಾಪಿತವಾದವು. ಉಡುಪಿಯಲ್ಲಿ ಡಾಕ್ಟರ್ ಈವಾ ಲೊಂಬಾರ್ಡರು 1923ರಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಯನ್ನು ನಮ್ಮವರೆಲ್ಲರೂ ಬಲ್ಲರು. ಬೇರೆ ದೇಶಗಳವರು ಚಿಕಿತ್ಸೆಗಾಗಿ ಸಮುದ್ರ ದಾಟುವರು. ನಮ್ಮವರು ಬಸ್ಸು ಹತ್ತಿದರೆ ಸಾಕು. ಹೀಗಿದ್ದರೂ ಹುಣ್ಣಿನ ಮೇಲೆ ಹಸಿಸೊಪ್ಪು ಹಚ್ಚಿ ಮನೆಯಲ್ಲಿಯೇ ಕೂತಿರುವದು ವ್ಯಸನಕರವಾದ ಸಂಗತಿ.

ಏಳನೆಯದು. ಜಾರಿ ಬಿದ್ದರೆ ಎದ್ದು ನಡೆಯಿರಿ. ಮದುವೆಯ ಮನೆಯಲ್ಲಿ ಯಾರೋ ಕೊಟ್ಟ ಒಂದು ಬೀಡಿಯನ್ನು ಸೇದಿದವನು "ಎಲ್ಲಾ ಹೋಯಿತು" ಎಂದು ಒಂದು ಕಟ್ಟು ಕೊಳ್ಳಬಾರದು. ಅನೇಕರು ಹಲವು ಸಲ ಪ್ರಯತ್ನಿಸಿದ ಮೇಲೆಯೇ ಬಿಟ್ಟವರು. ಯಾವ ಹೊತ್ತಿನಲ್ಲಿ ಬಿದ್ದೆನೆಂದು ತಿಳುಕೊಂಡರೆ ಮುಂದಿನ ಸಲಕ್ಕೆ ಅದೇ ಬುದ್ಧಿಯಾಗುವದು. ಮನೆಯವರು ಆಗ ಹಂಗಿಸದೆ ಧೈರ್ಯ ಹೇಳತಕ್ಕದ್ದು.

8. ಬಿಟ್ಟವನಿಗೆ ಸಿಗುವದೇನು?

ಕೊನೆಯ ಬೀಡಿಯನ್ನು ಆರಿಸಿದ 20 ನಿಮಿಷಗಳಲ್ಲಿ ನಾಡಿಯು ಇಳಿಯುವದು. ಒಂದೆರಡು ದಿನಗಳೊಳಗೆ ರಕ್ತದ ವಿಷವಾಯುವು ಹೊರಟುಹೋಗುವದು. ಬರಬರುತ್ತಾ ನಾಲಿಗೆಯ ರುಚಿಯೂ ಮೂಗಿನ ವಾಸನೆಯೂ ಮರಳುವವು. ವಾರಗಳಲ್ಲಿ ಒಸಡಿಗೆ ರಕ್ತದ ಓಟ ಬರುವದು. ತಿಂಗಳುಗಳಲ್ಲಿ ಕೆಮ್ಮೂ ಏದುಸಿರೂ ಕಡಿಮೆಯಾಗುವವು. ಒಂದು ವರುಷದಲ್ಲಿ ಹೃದ್ರೋಗದ ಹೆಚ್ಚಿನ ಅಪಾಯವು ಸುಮಾರು ಅರ್ಧಕ್ಕೆ ಇಳಿಯುವದು. 5ರಿಂದ 10 ವರುಷಗಳಲ್ಲಿ ಬಾಯಿ ಗಂಟಲುಗಳ ಅರ್ಬುದದ ಹೆಚ್ಚಿನ ಅಪಾಯವು ಅರ್ಧಕ್ಕೆ ಬರುವದು.

"ಈ ಪ್ರಾಯದಲ್ಲಿ ಇನ್ನು ಬಿಟ್ಟು ಏನು ಫಲ?" ಎಂದು ಕೇಳುವ ಹಿರಿಯರಿಗೆ ಉತ್ತರವುಂಟು. ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯರೂ ಅವರ ಜತೆಗಾರರೂ 1951ರಿಂದ ಸಾವಿರಾರು ವೈದ್ಯರ ಅಭ್ಯಾಸಗಳನ್ನೂ ಮರಣಗಳನ್ನೂ 50 ವರುಷ ಲೆಕ್ಕವಿಟ್ಟು, 2004ರಲ್ಲಿ ಫಲವನ್ನು ಪ್ರಕಟಿಸಿದರು. 60ನೇ ಪ್ರಾಯದಲ್ಲಿ ಬಿಟ್ಟವರು ಬಿಡದವರಿಗಿಂತ ಸುಮಾರು 3 ವರುಷ ಹೆಚ್ಚಾಗಿ ಬಾಳಿದರು. 50ರಲ್ಲಿ ಬಿಟ್ಟವರು 6 ವರುಷ. 40ರಲ್ಲಿ ಬಿಟ್ಟವರು 9. 30ರಲ್ಲಿ ಬಿಟ್ಟವರು 10. ಮೂರು ವರುಷವೆಂದರೆ ಮೊಮ್ಮಗಳ ಮದುವೆಯನ್ನು ಕಾಣುವಷ್ಟು ಕಾಲ. ಅದನ್ನು ಸ್ವಲ್ಪವೆನ್ನಬಹುದೋ?

ಹಣದ ಲೆಕ್ಕವನ್ನೂ ಹಾಕಿರಿ. ದಿನಕ್ಕೆ 30 ರೂಪಾಯಿ ಹೊಗೆಗೆ ಹೋಗುವದಾದರೆ ವರುಷಕ್ಕೆ 10,950 ರೂಪಾಯಿ. ಬಿಟ್ಟ ದಿನದಿಂದ ಆ 30 ರೂಪಾಯಿಯನ್ನು ಒಂದು ಡಬ್ಬಿಯಲ್ಲಿ ಹಾಕುತ್ತಾ ಬಂದರೆ, ಮಕ್ಕಳ ಪುಸ್ತಕಕ್ಕೆ ಯಾರ ಮುಂದೆಯೂ ಕೈಚಾಚಬೇಕಾಗದು.

9. ಬೀಡಿ ಕಟ್ಟುವ ಸಹೋದರಿಯರಿಗೆ

ನಾವು ಮೊದಲು ನೋಡಿದ ಜಗಲಿಗೆ ತಿರಿಗಿ ಬರೋಣ. "ಎಲ್ಲರೂ ಬೀಡಿ ಬಿಟ್ಟರೆ ನಮ್ಮ ಅನ್ನ ಎಲ್ಲಿಂದ?" ಎಂದು ಆ ತಾಯಿಯು ಕೇಳಿದರೆ ಅದನ್ನು ಲಘುವಾಗಿ ತಳ್ಳಿಬಿಡಲಾಗದು. ಆಕೆಯ ದುಡಿತವು ಮಾನದ ದುಡಿತ. ಅದರಿಂದಲೇ ಎಷ್ಟೋ ಮಕ್ಕಳು ಶಾಲೆ ಕಲಿತರು. ಆದರೆ ಕಟ್ಟುವವಳಿಗೂ ಕೇಡು ತಪ್ಪಿದ್ದಲ್ಲ. ಹೊಗೆಸೊಪ್ಪಿನ ಹುಡಿಯು ಉಸಿರಿನ ಮೂಲಕವೂ ಕೈಯ ಚರ್ಮದ ಮೂಲಕವೂ ಶರೀರಕ್ಕೆ ಸೇರುವದು. ಆದಕಾರಣ ಗಾಳಿಯಾಡುವ ಸ್ಥಳದಲ್ಲಿ ಕೂತುಕೊಳ್ಳಿರಿ. ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿರಿ. ಅಡಿಗೆಗೆ ಏಳುವ ಮೊದಲೂ ಕೂಸಿಗೆ ಹಾಲು ಕೊಡುವ ಮೊದಲೂ ಸಾಬೂನಿನಿಂದ ಕೈ ತೊಳೆಯಿರಿ. ಸೊಪ್ಪಿನ ಚೀಲವನ್ನು ಮಲಗುವ ಕೋಣೆಯಲ್ಲಿಡಬೇಡಿರಿ. ಮಕ್ಕಳ ಕೈಗೆ ಆ ಕೆಲಸವನ್ನು ಕೊಡಬೇಡಿರಿ. ಬೀಡಿ ಕೆಲಸಗಾರರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನ ಉಂಟು. ಗುರುತಿನ ಚೀಟಿಯನ್ನು ಜೋಪಾನವಾಗಿಟ್ಟು ಅದನ್ನು ಕೇಳಿಕೊಳ್ಳಿರಿ.

ಹೊಸ ಜೀವನೋಪಾಯವು ಒಂದು ದಿನದಲ್ಲಿ ಹುಟ್ಟುವದಿಲ್ಲ. ಹಿಂದಿನ ಶತಮಾನಗಳಲ್ಲಿ ನಮ್ಮವರಲ್ಲಿ ಅನೇಕರು ಹಳೇ ಕಸುಬನ್ನು ಕಳಕೊಂಡಾಗ, ಮಗ್ಗದ ಕೆಲಸವೂ, 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹಂಚಿನ ಕಾರಖಾನೆಯೂ ಕ್ರಮೇಣ ಅವರಿಗೆ ಆಧಾರವಾದವು. ಹಾಗೆಯೇ ಈಗಿನ ತಾಯಂದಿರು ಕಟ್ಟುತ್ತಾ ಇರುವಾಗಲೇ ಹೆಣ್ಣುಮಕ್ಕಳಿಗೆ ಹೊಲಿಗೆ, ದಾದಿಯ ಕೆಲಸ, ಲೆಕ್ಕಪತ್ರ ಮೊದಲಾದ ಬೇರೆ ವಿದ್ಯೆಯನ್ನು ಕಲಿಸುವದು ಒಳ್ಳೇದು. ಅಷ್ಟರಲ್ಲಿ ಆ ಮನೆಯ ತಂದೆಯು ಒಂದು ಕೆಲಸವನ್ನು ಇಂದೇ ಮಾಡಬಹುದು: ಆಕೆಯು ಕಟ್ಟಿದ್ದನ್ನು ತಾನು ಸೇದದಿರುವದು.

ಯೌವನಸ್ಥರ ವಿಷಯದಲ್ಲಿ ಸರಕಾರವೂ ಬಿಗಿಮಾಡಿದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವದು ದೇಶದಲ್ಲೆಲ್ಲಾ ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಸೇದಿದವನಿಗೆ 1,000 ರೂಪಾಯಿ ವರೆಗೆ ದಂಡವುಂಟು. 21 ವರುಷ ತುಂಬದವರಿಗೆ ಹೊಗೆಸೊಪ್ಪಿನ ಯಾವ ಪದಾರ್ಥವನ್ನೂ ಮಾರಬಾರದು. ಆದರೆ ಜಗಲಿಯಲ್ಲಿ ಪೋಲೀಸರಿಲ್ಲ. ಅಲ್ಲಿ ಮಕ್ಕಳು ಕಲಿಯುವದು ತಂದೆಯ ಕೈಯನ್ನು ನೋಡಿಯೇ. "ಹೋಗಿ ಒಂದು ಕಟ್ಟು ಬೀಡಿ ತಾ" ಎಂದು ಮಗನನ್ನು ಅಂಗಡಿಗೆ ಕಳುಹಿಸುವ ತಂದೆಯು ಅವನಿಗೆ ದಾರಿಯನ್ನೂ ತೋರಿಸಿದಂತಾಯಿತು.

ಪ್ರಿಯರೇ, ಈ ಪಾಠವನ್ನು ಓದಿ ಮಡಚಿಡುವ ಮೊದಲು ಕನ್ನಡಿಯನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ ಒಂದು ಸಲ ಬಾಯಿ ತೆರೆದು ನೋಡಿರಿ. ಅಜ್ಜಿಯ ಬಾಯನ್ನೂ ನೋಡಿರಿ. ಶುದ್ಧವಾಗಿದ್ದರೆ ಇಂದೇ ಬಿಟ್ಟು ಅದನ್ನು ಶುದ್ಧವಾಗಿಯೇ ಕಾಪಾಡಿರಿ. ಏನಾದರೂ ಕಂಡರೆ ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡಿರಿ.

ಪಾಠದ ಪ್ರಶ್ನೆಗಳು

(ಮನೆಯಲ್ಲಿಯೂ ಕೂಟಗಳಲ್ಲಿಯೂ ಮಾತಾಡುವದಕ್ಕಾಗಿ)

1. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ಇದ್ದರೂ ಅದರ ಹೊಗೆಯು ಯಾಕೆ ಹೆಚ್ಚು ಕೇಡನ್ನುಂಟುಮಾಡುವದು?
2. ಸೇದುವವನ ಒಸಡಿನಿಂದ ರಕ್ತ ಬಾರದಿರುವದು ಒಳ್ಳೇ ಗುರುತೋ? ಕಾರಣವೇನು?
3. ಬಾಯಲ್ಲಿ ಯಾವ ಗುರುತುಗಳು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು?
4. ಬೀಡಿಗೆ ಬದಲಾಗಿ ಎಲೆಯಡಿಕೆಯನ್ನು ಹಿಡಿದರೆ ಆಗುವ ಅಪಾಯವೇನು?
5. ನಿಮ್ಮ ಮನೆಯಲ್ಲಿ ಒಬ್ಬನು ಬಿಡುವದಕ್ಕೆ ನಿಶ್ಚಯಿಸಿದರೆ, ಮೊದಲನೆಯ ವಾರದಲ್ಲಿ ನೀವು ಅವನಿಗೆ ಯಾವ ಸಹಾಯ ಮಾಡುವಿರಿ?
6. ಬೀಡಿ ಕಟ್ಟುವ ಮನೆಗಳ ಹೆಣ್ಣುಮಕ್ಕಳಿಗೆ ನಿಮ್ಮ ಊರಿನಲ್ಲಿ ಯಾವ ಬೇರೆ ವಿದ್ಯೆಯನ್ನು ಕಲಿಸಬಹುದು?